ಅಂಕಪಟ್ಟಿಯ ಹಿಂಬದಿ

ಸ್ಪಂಜು ಒಣಗಿದೆ, ಬಟ್ಟಲಿನ ತಳಕ್ಕೆ ಅಂಟಿಕೊಂಡು ಅಂಚು ಮೇಲೆದ್ದಿದೆ, ಎರಡು ತಿಂಗಳಿಂದ ಯಾರೂ ನೀರು ಹಾಕಿಲ್ಲ, ಯಾರು ಹಾಕಬೇಕು, ನಾನೇ ತಾನೆ, ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಎಂಟೂವರೆಗೆ ಅರ್ಧ ಲೋಟ ನೀರು, ಹಾಳೆ ತಿರುವಲು ಅದರಲ್ಲಿ ಬಲಗೈ ಹೆಬ್ಬೆರಳು, ಆಮೇಲೆ ಮೊದಲನೆಯ ಫೈಲು — ಈಗ ಫೈಲು ನನ್ನ ಮೇಜಿಗೆ ಬರುವುದಿಲ್ಲ, ನೇರ ಔಲ್ ಎಂಬ ಹೊಸ ಕಂಪ್ಯೂಟರಿಗೆ ಹೋಗುತ್ತದೆ, ಔಲ್ ಎಂದರೆ ಗೂಬೆ, ಡೀನ್ ಸಾಹೇಬರೇ ಇಟ್ಟ ಹೆಸರು, ಈ ದೇಶದಲ್ಲಿ ಗೂಬೆ ಜ್ಞಾನಿಯಂತೆ, ನಮ್ಮ ಕಡೆ ಯಾರನ್ನು ಹಾಗೆ ಕರೆಯುತ್ತಾರೆಂದು ಹೇಳೋಣ ಎಂದುಕೊಂಡು ಸುಮ್ಮನಾದೆ, ಹೇಳಿದ್ದರೆ ಅದನ್ನೂ ರಘೋತ್ತಮ ಬರೆದುಕೊಳ್ಳುತ್ತಿದ್ದ. ರಘೋತ್ತಮ ಮೈಸೂರಿನವನು, ಮೂವತ್ತೊಂದು ವಯಸ್ಸು, ಜ್ಞಾನದ ಎಂಜಿನಿಯರ್ ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದಾನೆ, ಬಲ್ಲವರ ಬಾಯಿಂದ ಕೇಳಿ ಬರೆದುಕೊಂಡು ಕಂಪ್ಯೂಟರಿಗೆ ತುಂಬುವ ಕೆಲಸ, ಸೇತುವೆಗೊಬ್ಬ ಇದ್ದ ಹಾಗೆ ಜ್ಞಾನಕ್ಕೊಬ್ಬ, ಸೇತುವೆ ಬಿದ್ದರೆ ಕಾಣುತ್ತದೆ, ಇದು ಬಿದ್ದರೆ ಮೂರು ಸಾಲಿನ ಪತ್ರ ಹೋಗುತ್ತದೆ ಅಷ್ಟೆ, ವಿಷಾದಿಸುತ್ತೇವೆ ಎಂದು, ಕೆಳಗೆ ನನ್ನ ಸಹಿಯ ರಬ್ಬರ್ ಸ್ಟ್ಯಾಂಪು. ಹೊರದೇಶದ ಅಂಕಪಟ್ಟಿ ಓದುವುದು ನನ್ನ ಕೆಲಸ, ಅರವತ್ತೆರಡು ಎಂದರೆ ಇಲ್ಲಿನವರಿಗೆ ಡಿ ಗ್ರೇಡು, ನಮ್ಮಲ್ಲಿ ಅದು ಫಸ್ಟ್ ಕ್ಲಾಸು, ಇಡೀ ಬೀದಿಗೆ ಪೇಡ ಹಂಚುವ ಅಂಕ, ಅದನ್ನು ಈ ಗುಡ್ಡದ ಮೇಲಿನ ಕಾಲೇಜಿಗೆ ತಿಳಿಸಿಕೊಟ್ಟವನು ನಾನು, ಈಗ ಎಂಬತ್ತಾರು ನಿಯಮಗಳ ಒಂದು ಪೆಟ್ಟಿಗೆ ತಂದಿಟ್ಟು ಇನ್ನು ನೀವಲ್ಲ, ಇದೇ ಶೇಷಾದ್ರಿ ಎನ್ನುತ್ತಾರೆ, ಪೆಟ್ಟಿಗೆಗೆ ರಜೆ ಬೇಡ, ಬೆನ್ನುನೋವಿಲ್ಲ, ವಾಲ್ನಟ್ ಕ್ರೀಕ್‌ನ ಮನೆಯಿಂದ ರೈಲು ಹಿಡಿದು ಬರಬೇಕಾಗಿಲ್ಲ. ಇವತ್ತು ಮೇ ಹನ್ನೆರಡು, ಎಂಬತ್ತೇಳನೇ ಇಸವಿ, ಮಂಗಳವಾರ, ಹತ್ತು ಗಂಟೆಗೆ ಸಮಿತಿ, ಗೂಬೆಯನ್ನು ಖಾಯಂ ಮಾಡುವುದೋ ಬೇಡವೋ, ಶೇಷಾದ್ರಿ ಐದು ನಿಮಿಷ ಮಾತಾಡಬಹುದು ಎಂದು ಕಾಗದದಲ್ಲಿದೆ. ಮೆಷಿನ್ ಹತ್ರ ಜಗಳಕ್ಕೆ ಹೋಗೋಕ್ಮುಂಚೆ ಎರಡು ಇಡ್ಲಿನಾದ್ರೂ ತಿನ್ನಿ ಅಂದಳು ಮೈಥಿಲಿ, ಅದಂತೂ ತಿನ್ನಲ್ಲ, ನೀವೂ ತಿನ್ನದಿದ್ರೆ ನಿಮಗೂ ಅದಕ್ಕೂ ಏನು ವ್ಯತ್ಯಾಸ, ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಮಾತಿಗೆ ಉತ್ತರ ಹೊಳೆಯುವುದು ಯಾವಾಗಲೂ ರೈಲಿನಲ್ಲಿ. ಐದು ನಿಮಿಷ ಧಾರಾಳವಾಯಿತು, ತಾಯಮ್ಮನ ಫೈಲು ಎತ್ತಿ ತೋರಿಸಿದರೆ ಎರಡೇ ನಿಮಿಷ.

ಶುಕ್ರವಾರ ಫೋನು ಬಂದದ್ದು, ಸಾರ್ ನಾನು ತಾಯಮ್ಮ ಅಂತ, ಇಲ್ಲೇ ಪ್ಲೆಸೆಂಟನ್ನಿಂದ, ಮಂಡ್ಯ ಕಡೇರು, ನೀವು ಕನ್ನಡದೋರು ಅಂತ ಗ್ರೋಸರಿ ಅಂಗ್ಡೀಲಿ ಯಾರೋ ಅಂದ್ರು — ಆಸ್ಪತ್ರೆ ಲ್ಯಾಬಿನಲ್ಲಿ ಗಾಜಿನ ಬಾಟಲಿ ತೊಳೆಯುತ್ತಾಳಂತೆ, ಬಿಎಸ್ಸಿ ಓದಿಕೊಂಡು, ಸೆಪ್ಟೆಂಬರಿಗೆ ನಿಮ್ಮ ಕೋರ್ಸಿಗೆ ಸೇರ್ಕೊಂಡ್ರೆ ಟೆಕ್ನೀಷಿಯನ್ ಮಾಡ್ತೀವಿ ಅಂದವ್ರೆ ಸಾರ್, ಇಲ್ದಿದ್ರೆ ನನ್ ಜಾಗಕ್ಕೇ ಬೇರೆಯೋರ್ನ ತಗೋತಾರಂತೆ, ಮೂರೇ ಲೈನು ಬರೆದು ವಾಪಸ್ ಕಳ್ಸವ್ರೆ, ನಿಮ್ದೇ ಸೈನು. ನನ್ನ ಸಹಿ ಅಲ್ಲಮ್ಮ ಅದು, ಸ್ಟ್ಯಾಂಪು, ಮಾಡಿದ್ದು ಮೆಷಿನ್ನು, ಅದಕ್ಕೆ ಬುದ್ಧಿ ಇಲ್ಲ ಅಂದೆ. ಅದುಕ್ಕೆ ಹೇಳ್ಕೊಟ್ಟೋರು ಯಾರು ಸಾರ್, ಅಂದಳು. ಯಾರೋ ಮೈಸೂರಿನ ಹುಡುಗ ಅಂದೆ. ಬೀರುವಿನಿಂದ ಫೈಲು ತೆಗೆಸಿದೆ, ಅರವತ್ತೆಂಟು ಪರ್ಸೆಂಟು, ಎಪ್ಪತ್ತೊಂಬತ್ತನೇ ಇಸವಿ, ಕೆಮಿಸ್ಟ್ರಿಯ ಮುಂದೆ ಕೆಂಪು ಶಾಯಿಯ ನಕ್ಷತ್ರ, ಎರಡನೇ ಸಲ ಕೂತು ಪಾಸಾದದ್ದು ಎಂದರ್ಥ, ಗೂಬೆಗೆ ಅಷ್ಟೇ ಸಾಕಾಗಿದೆ. ಮಾರ್ಕ್ಸ್ ಕಾರ್ಡು ತಿರುವಿ ಹಾಕಿದೆ, ಹಿಂಬದಿಯಲ್ಲಿ ಕಾಲೇಜಿನ ಸೀಲು, ಸೀಲಿನ ಮೇಲೆ ಪ್ರಿನ್ಸಿಪಾಲರ ಕೈಬರಹ ಎರಡು ಸಾಲು, ಏಪ್ರಿಲ್‌ನ ಕೆಮಿಸ್ಟ್ರಿ ಪರೀಕ್ಷೆಗೆ ಹೆರಿಗೆಯ ಕಾರಣ ಗೈರುಹಾಜರು, ಅಕ್ಟೋಬರಿನಲ್ಲಿ ಕುಳಿತು ಮೊದಲ ಯತ್ನದಲ್ಲೇ ತೇರ್ಗಡೆ. ನಮ್ಮ ಕಡೆಯ ಕೆಲವು ಪ್ರಿನ್ಸಿಪಾಲರಿಗೆ ಈ ರೂಢಿ, ಹೇಳಬೇಕಾದದ್ದನ್ನು ಹಿಂದೆ ಬರೆಯುವುದು, ಮುಂದೆ ಜಾಗವಿಲ್ಲ, ಮುಂದೆ ಬರೆಯಲು ಅಧಿಕಾರವೂ ಇಲ್ಲ. ಕಂಪ್ಯೂಟರಿಗೆ ಹೋಗುವ ಫಾರಮ್ಮಿನಲ್ಲಿ ಹನ್ನೊಂದು ಮನೆಗಳಿವೆ, ಹನ್ನೊಂದೂ ಮುಂಬದಿಯವು. ಮುಗಿಯಿತಲ್ಲ, ಇದನ್ನೇ ಎತ್ತಿ ಹಿಡಿಯುತ್ತೇನೆ, ನೋಡಿ ಸ್ವಾಮಿ, ನಿಮ್ಮ ಗೂಬೆಗೆ ಕಾಗದಕ್ಕೆ ಎರಡು ಬದಿ ಇರುತ್ತದೆಂದೇ ಗೊತ್ತಿಲ್ಲ, ಎಂಬತ್ತು ಸಾವಿರ ಡಾಲರಿನ ಗೂಬೆ, ನನ್ನ ಬಟ್ಟಲಿನ ಸ್ಪಂಜಿಗೆ ಮೂವತ್ತು ಸೆಂಟು — ಆಗ ಡೀನ್ ಕೆಮ್ಮುತ್ತಾರೆ, ರಘೋತ್ತಮ ಟೈ ಸರಿಮಾಡಿಕೊಳ್ಳುತ್ತಾನೆ, ಗಣಿತದ ಮುದುಕ ಪ್ರೊಫೆಸರ್ ನಗುತ್ತಾನೆ, ಅವನು ನಕ್ಕರೆ ಸಮಿತಿ ನಗುತ್ತದೆ.

ಒಂಬತ್ತು ಮುಕ್ಕಾಲು. ಗೂಬೆಯ ಕಾರಣವನ್ನೂ ಕಾಗದದ ಮೇಲೆ ಇಟ್ಟುಕೊಂಡಿರುವುದು ಒಳ್ಳೆಯದು, ಎರಡನ್ನೂ ಪಕ್ಕಪಕ್ಕ ಹಿಡಿದರೆ ಹೆಚ್ಚು ಮಾತೇ ಬೇಡ, ಯಾಕೆ ಎಂದು ಟೈಪ್ ಮಾಡಿದರೆ ತಾನೇ ಕಾರಣ ಹೇಳುತ್ತದಂತೆ, ರಘೋತ್ತಮನಿಗೆ ಅದರ ಬಗ್ಗೆ ಭಾರಿ ಹೆಮ್ಮೆ, ಮನುಷ್ಯರು ಕಾರಣ ಮುಚ್ಚಿಡ್ತಾರೆ ಸಾರ್, ಇದು ಮುಚ್ಚಿಡಲ್ಲ. ಅವಳ ಅರ್ಜಿಯ ನಂಬರು ಒತ್ತಿದೆ, ಯಾಕೆ ಎಂದು ಒತ್ತಿದೆ, ಪರದೆಯ ಮೇಲೆ ಹಸಿರು ಅಕ್ಷರ ಒಂದೊಂದಾಗಿ, ನಿಯಮ ನಲವತ್ತೊಂದು, ನಕ್ಷತ್ರವಿದ್ದರೆ ಮುಂದಕ್ಕೆ ನೋಡಬೇಕಾಗಿಲ್ಲ, ತಿರಸ್ಕರಿಸು, ವಿನಾಯಿತಿ ಇಲ್ಲ, ಅದರ ಕೆಳಗೆ ಇನ್ನೊಂದು ಸಾಲು, ಮೂಲ ಶೇಷಾದ್ರಿ, ಟೇಪು ಮೂರು. ಟೇಪು ಮೂರು — ಜನವರಿ, ಊಟದ ಹೊತ್ತು, ಮೈಥಿಲಿಯ ಚಿತ್ರಾನ್ನದಲ್ಲಿ ಅರ್ಧ ರಘೋತ್ತಮನಿಗೆ ಕೊಟ್ಟಿದ್ದೆ, ಮೇಜಿನ ಮೇಲೆ ರೆಕಾರ್ಡರು ತಿರುಗುತ್ತಿತ್ತು, ನಕ್ಷತ್ರ ಇದ್ರೆ ಏನ್ಮಾಡ್ತೀರ ಸಾರ್, ಏನ್ಮಾಡೋದು, ಮುಂದಕ್ಕೆ ನೋಡೋದೇ ಇಲ್ಲ ಕಣಪ್ಪ, ವಾಪಸ್ಸು, ಯಾವಾಗ್ಲೂನಾ, ಯಾವಾಗ್ಲೂ, ಎಕ್ಸೆಪ್ಷನ್ನೂ ಇಲ್ವಾ ಅಂದ, ನನ್ನ ಹತ್ರ ಎಕ್ಸೆಪ್ಷನ್ನೆಲ್ಲ ನಡೆಯಲ್ಲ. ಬಾಗಿಲಲ್ಲಿ ಡೀನ್ ನಿಂತಿದ್ದರು, ನಮ್ಮ ಎಕ್ಸ್‌ಪರ್ಟು ಎಂದು ಯಾರಿಗೋ ನನ್ನನ್ನು ತೋರಿಸುತ್ತಿದ್ದರು, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಹಾಗೆ ಕರೆಸಿಕೊಂಡವನು ಹೇಗೆ ಮಾತಾಡಬೇಕೋ ಹಾಗೆ ಮಾತಾಡಿದೆ, ಬಿಗಿಯಾಗಿ, ಕಟ್ಟುನಿಟ್ಟಾಗಿ — ಸುಳ್ಳು, ಒಂದು ನಕ್ಷತ್ರವನ್ನೂ ಹಾಗೇ ವಾಪಸ್ಸು ಕಳಿಸಿದವನಲ್ಲ ನಾನು, ನಕ್ಷತ್ರ ಕಂಡ ಕೂಡಲೇ ಕೈ ತಾನಾಗಿಯೇ ಹೆಬ್ಬೆರಳು ಒದ್ದೆ ಮಾಡಿಕೊಂಡು ಕಾರ್ಡು ತಿರುವಿಬಿಡುತ್ತಿತ್ತು, ಕೈ ಮಾಡುತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಕೊನೆಯಲ್ಲಿ ಅವನು ಇನ್ನೊಂದು ಕೇಳಿದ, ನಗಬೇಡಿ ಸಾರ್, ಆ ಸ್ಪಂಜು ಯಾಕೆ, ಬೆಳಿಗ್ಗೆಯಿಂದ ನೋಡ್ತಿದೀನಿ, ಕೆಲವು ಕಾರ್ಡಿಗೆ ಹೆಬ್ಬೆರಳು ಅದ್ದುತೀರ, ಕೆಲವಕ್ಕೆ ಇಲ್ಲ, ಇದೂ ಒಂದು ನಿಯಮ ಇರ್ಬೋದಾ. ನಾನು ನಕ್ಕೆ, ಅದೆಲ್ಲ ಗುಮಾಸ್ತರ ಚಟ ಕಣಪ್ಪ, ಅದನ್ನ ಬರ್ಕೋಬೇಡ. ಬರೆದದ್ದನ್ನು ನನ್ನ ಎದುರಿಗೇ ಹೊಡೆದು ಹಾಕಿದ. ನಿಯಮ ನಲವತ್ತೊಂದರಲ್ಲಿ ಎಷ್ಟು ಅರ್ಜಿ ವಾಪಸ್ಸು ಹೋಗಿವೆ ಎಂದು ಒತ್ತಿದೆ, ಇಪ್ಪತ್ತಮೂರು, ಇಪ್ಪತ್ತಮೂರು ಮೂರು ಸಾಲಿನ ಪತ್ರ, ಇಪ್ಪತ್ತಮೂರು ಸಹಿ, ತಾಯಮ್ಮನ ಕಾರ್ಡು ಎತ್ತಿ ಹಿಡಿದರೆ ಗೂಬೆ ಯಾಕೆ ಹೀಗೆ ಮಾಡಿತು ಎಂದು ಕೇಳುತ್ತಾರೆ, ಪ್ರಿಂಟರಿನಿಂದ ಬಂದ ಈ ಹಾಳೆಯನ್ನೂ ಹಿಡಿಯಬೇಕು, ಮೂಲ ಎಂಬ ಸಾಲನ್ನು ಗಣಿತದ ಮುದುಕ ಗಟ್ಟಿಯಾಗಿ ಓದುತ್ತಾನೆ, ಹಿಡಿಯದಿದ್ದರೆ ಅವಳು ಬಾಟಲಿ ತೊಳೆಯುತ್ತಾಳೆ, ಅದೂ ಸೆಪ್ಟೆಂಬರಿನ ತನಕ — ಸಾರ್ ಕರೀತಿದಾರೆ, ರಘೋತ್ತಮ ಬಾಗಿಲಲ್ಲಿ, ಕಾಫಿ ಬೇಕಾ ಸಾರ್. ಬೇಡ, ಲೋಟದಲ್ಲಿ ನೀರಿದೆ. ನೀರನ್ನು ಸ್ಪಂಜಿನ ಮೇಲೆ ಸುರಿಯುತ್ತಿದ್ದೇನೆ, ಉಬ್ಬುತ್ತಿದೆ, ಹೆಬ್ಬೆರಳು ಅದ್ದಿದೆ, ಇಪ್ಪತ್ತಮೂರು ಕಾರ್ಡು, ಅವುಗಳ ಹಿಂಬದಿ, ಅಲ್ಲಿ ಯಾರ್ಯಾರು ಏನೇನು ಬರೆದಿದ್ದರೋ, ಹೇಳಬೇಕಾಗಿದ್ದ ನಿಯಮ ಇಷ್ಟೇ, ಒಂದು ಮೂಲೆ, ಒದ್ದೆ ಹೆಬ್ಬೆರಳು —