ಹನ್ನೆರಡು ಎಲೆಕ್ಟ್ರಾನ್ ಹೆಚ್ಚಿಗೆ

ಆರ್ಗಾನ್ ಅನಿಲ ತುಂಬಿದ ಪಾತ್ರೆಯಲ್ಲಿ ಎರಡು ತಟ್ಟೆಗಳನ್ನಿಟ್ಟು ವೋಲ್ಟೇಜ್ ಏರಿಸಿದರೆ, ಈಚೆ ತಟ್ಟೆಯಿಂದ ಹೊರಟ ಒಂದು ಎಲೆಕ್ಟ್ರಾನ್ ಓಡೋಡಿ ಅನಿಲದ ಪರಮಾಣುವಿಗೆ ಡಿಕ್ಕಿ ಹೊಡೆದು ಇನ್ನೊಂದನ್ನು ಎಬ್ಬಿಸುತ್ತದೆ. ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಒಂದು ಹೊರಟರೆ ಆಚೆ ದಡಕ್ಕೆ ಎಷ್ಟು ಮುಟ್ಟುತ್ತವೆ ಎಂದು ಅಳೆಯುವುದೇ ನನ್ನ ಪಿಎಚ್‌ಡಿ. ನಮ್ಮ ವೋಲ್ಟೇಜಿಗೆ ನಲವತ್ತು ಮುಟ್ಟಬೇಕು. ನನಗೆ ಐವತ್ತೆರಡು ಮುಟ್ಟುತ್ತಿದ್ದವು. ನೆಂಟರನ್ನು ಕರೆದರೆ ನೆಂಟರ ನೆಂಟರೂ ಬಂದ ಹಾಗೆ.

ತಿಂಗಳ ಕೊನೆಗೆ ನನ್ನ ಗಡುವು ಮುಗಿಯುತ್ತಿತ್ತು. ನಲವತ್ತು ಬಾರದೆ ಗೈಡ್ ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ಐದು ವರ್ಷದ ದುಡಿಮೆ ನೀರಲ್ಲಿ ಹೋಮ.

ಗೈಡಿಗೆ ಶುದ್ಧಿಯ ಹುಚ್ಚು. ಒಂದಿಷ್ಟು ಎಣ್ಣೆಯ ಆವಿ ಒಳಗೆ ಸೇರಿದರೂ ಎಲೆಕ್ಟ್ರಾನ್ ಲೆಕ್ಕ ಏರುತ್ತದೆಂದು, ಕೈಗವಸು ಇಲ್ಲದವರನ್ನು ಪಾತ್ರೆಯ ಹತ್ತಿರ ಬಿಡುತ್ತಿರಲಿಲ್ಲ. ಒಮ್ಮೆ ಡೀನ್ ಅವರನ್ನೇ ಬಾಗಿಲಲ್ಲಿ ನಿಲ್ಲಿಸಿದ್ದರು. ಪಾತ್ರೆ ಮುಚ್ಚುವ ಮುನ್ನ ಮಾತ್ರ ತಾವೇ ಬಂದು, ಅಂಚಿನ ರಬ್ಬರ್ ಬಳೆ ಸರಿಯಾಗಿ ಕೂತಿದೆಯೇ ಎಂದು ಬರಿಬೆರಳಿನಿಂದ ಒಂದು ಸುತ್ತು ಸವರುತ್ತಿದ್ದರು.

"ಗ್ಲೌಸ್ ಹಾಕ್ಕೊಂಡ್ರೆ ಬೆರಳಿಗೆ ಗೊತ್ತಾಗಲ್ಲಮ್ಮ" ಎನ್ನುತ್ತಿದ್ದರು.

ಊಟವಾದ ಮೇಲೆ, ಹೆಂಡತಿ ಕೊಟ್ಟುಕಳಿಸಿದ ಎಣ್ಣೆಯನ್ನು ಬೋಳುತಲೆಗೆ ತಟ್ಟಿಕೊಂಡು ಬಂದ ಬೆರಳು ಅದು.

ನಾನು ಮೂರು ತಿಂಗಳು ಮೀಟರನ್ನು ಬೈದೆ, ಸಿಲಿಂಡರ್ ಬದಲಿಸಿದೆ, ವಯರುಗಳನ್ನೆಲ್ಲ ಬಿಚ್ಚಿ ಕಟ್ಟಿದೆ. ಕಡೆಗೆ ನಮ್ಮ ಫಿಟ್ಟರಣ್ಣ ಸ್ಪ್ಯಾನರ್ ಒರೆಸುತ್ತಾ ಕೇಳಿದ: "ತಂಗಿ, ಸಾಹೇಬ್ರು ಜ್ವರ ಅಂತ ಎರಡು ದಿನ ಬರ್ಲಿಲ್ವಲ್ಲ, ಆವಾಗೆಷ್ಟು ಬಂತು?"

ನೋಟ್‌ಬುಕ್ ತಿರುವಿದೆ. ಎರಡೂ ದಿನ ನಲವತ್ತು. ಎಲ್ಲೋ ಎಡವಟ್ಟಾಗಿದೆ ಎಂದು ಅದರ ಮೇಲೆ ನಾನೇ ಅಡ್ಡಗೆರೆ ಎಳೆದಿದ್ದೆ.

"ಅವರಿಗೆ ಹೇಳೋರ್ಯಾರು?"

"ನಾನಂತೂ ಅಲ್ಲ. ನಂಗಿನ್ನೂ ಆರು ವರ್ಷ ಸರ್ವೀಸಿದೆ."

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನನ್ನ ತಲೆಗೇ ಬಂತು. ನನಗೆ ಹೆದರಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಒಂದು ಹಾಳೆಯಲ್ಲಿ ತಾರೀಖು, ಅಂಕಿ, ಪಕ್ಕದಲ್ಲಿ 'ಬಳೆ ಮುಟ್ಟಿ ನೋಡಿದವರು' ಎಂದು ಬರೆದು ಅವರ ಮೇಜಿನ ಮೇಲಿಟ್ಟೆ.

ಅವರು ಹಾಳೆ ನೋಡಿದರು. ಆಮೇಲೆ ತಮ್ಮ ಬೆರಳು ನೋಡಿಕೊಂಡರು.

"ನಾಳೆಯಿಂದ ನಾಲ್ಕು ದಿನ ನಾನಿರಲ್ಲ. ಅಕ್ಕನ ಮನೇಲಿ ಸ್ವಲ್ಪ ಕೆಲಸ. ಹೊಸ ಬಳೆ ಹಾಕಿ ನೀನೇ ಮುಚ್ಚಮ್ಮ."

"ಸಾಹೇಬ್ರಿಗೆ ಯಾವ ಅಕ್ಕ? ಒಡಹುಟ್ಟಿದೋರೇ ಇಲ್ಲ ಅವರಿಗೆ" ಎಂದ ಫಿಟ್ಟರಣ್ಣ, ಅವರು ಮೆಟ್ಟಿಲಿಳಿದ ಮೇಲೆ.

ನಾಲ್ಕು ದಿನವೂ ನಲವತ್ತೇ ಬಂತು. ಐದನೆಯ ದಿನ ಪ್ರಬಂಧವನ್ನು ಅವರ ಮುಂದಿಟ್ಟೆ. ಅವರು ಪೆನ್ನು ತೆಗೆದವರು ತಡೆದು, ಡ್ರಾಯರಿನಿಂದ ಕೈಗವಸು ಎತ್ತಿ ನಿಧಾನವಾಗಿ ಹಾಕಿಕೊಂಡರು.

"ಐದು ವರ್ಷದ ಕೆಲಸ, ಕಲೆ ಆಗ್ಬಾರ್ದು" ಎಂದು ಸಹಿ ಹಾಕಿದರು.