ಮೊಳೆಯೋ, ಗುಂಡೋ

ಖಾನಾಪುರದ ಬಚ್ಚಲಲ್ಲಿ ಜಾರಿ ಬಿದ್ದವರು ನಮ್ಮ ಅತ್ತೆ ಕಾಶವ್ವ. ಬೆಳಗಾವಿಯ ಆಸ್ಪತ್ರೆಯಲ್ಲಿ ಅವರ ಚಾಕರಿ ಮಾಡಿ ನಡು ಮುರಿದುಕೊಂಡವಳು ನಾನು. ಅದು ಎಂಬತ್ಮೂರನೆಯ ಇಸವಿ.

ಮದುವೆಯಾಗಿ ಅಷ್ಟು ವರ್ಷವಾದರೂ ಅತ್ತೆಯ ಎದುರು ನಾನು ಖುರ್ಚಿಯಲ್ಲಿ ಕೂತವಳಲ್ಲ. ನಮ್ಮ ಮನೆಯ ಸೊಸೆಯರಿಗೆ ಆ ರೂಢಿಯಿಲ್ಲ. ಮಂಚದ ಪಕ್ಕ ಕಬ್ಬಿಣದ ಸ್ಟೂಲು ಇತ್ತು, ನಾನು ಮಾತ್ರ ತಣ್ಣನೆಯ ಫರಸಿ ನೆಲದ ಮೇಲೆ ಕೂತೆ. ಬೆಡ್‌ಪ್ಯಾನ್ ಇಡಲು ಏಳು, ನೀರು ಕುಡಿಸಲು ಏಳು, ಮತ್ತೆ ಕೂಡು. ನರ್ಸ್ ಬೈದರೂ ನಾನು ಸ್ಟೂಲು ಏರಲಿಲ್ಲ, ಅತ್ತೆಯೂ ಏರು ಅನ್ನಲಿಲ್ಲ. ಮುರಿದ ಎಲುಬು ಸರಿಯದಂತೆ ಅವರ ಕಾಲಿಗೆ ಇಟ್ಟಂಗಿಯ ಭಾರ ಕಟ್ಟಿ ಜಗ್ಗಿಟ್ಟಿದ್ದರು.

ಅವಧೂತ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನನ್ನ ಗಂಡನಿಗೂ ಭಾವ ಉಳವಪ್ಪನಿಗೂ ತೋರಿಸಿದರು.

"ತೊಡಿ ಎಲುಬಿನ ಕುತ್ತಿಗಿ ಮುರದೈತಿ. ಎರಡು ದಾರಿ ಅದಾವ. ಮೊಳಿ ಹೊಡದು ಇವರ ಎಲುಬನ್ನ ಕೂಡಿಸೂದು ಒಂದು. ಕೂಡಿದ್ರ ಮೊದಲಿನಂಗ ನೆಲಕ್ಕ ಕುಂದರಬಹುದು. ಆದ್ರ ಮೂರು ತಿಂಗಳು ಆ ಕಾಲ ಊರಂಗಿಲ್ಲ. ಖರೇ ಹೇಳ್ತೀನಿ, ಈ ವಯಸ್ಸಿಗೆ ಭಾಳ ಮಂದೀದು ಕೂಡೂದ ಇಲ್ಲ, ಮತ್ತ ಕೊಯ್ಯಬೇಕಾಗತೈತಿ. ಇಲ್ಲಾಂದ್ರ ಮುರದ ಎಲುಬಿನ ತುದಿ ಗುಂಡು ತಗದು ಸ್ಟೀಲಿನ ಗುಂಡು ಹಾಕೂದು. ಲಗೂನ ನಡೀತಾರ. ಆದ್ರ ಮುಂದ ನೆಲಕ್ಕ ಕುಂದರಂಗಿಲ್ಲ, ಚಕ್ಕಳಮಕ್ಕಳ ಅಂತೂ ಬ್ಯಾಡೇ ಬ್ಯಾಡ. ಗುಂಡು ಜಾರತೈತಿ."

ಭಾವನಿಗೆ ಇದು ಹಿಡಿಸಲಿಲ್ಲ. "ನೆಲಕ್ಕ ಕುಂದರದ ಅವ್ವ ಲಿಂಗಪೂಜಿ ಹೆಂಗ ಮಾಡ್ಬೇಕ್ರೀ? ಪೂಜಿ ಆಗದ ಆಕಿ ನೀರೂ ಮುಟ್ಟಂಗಿಲ್ಲ. ಮೊಳೀನ ಹೊಡೀರಿ. ಮೂರು ತಿಂಗಳು ನೋಡ್ಕೋಳಾಕ ಸಂಗವ್ವ ಅದಾಳ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಂಗವ್ವ ಎಂದರೆ ನಾನೇ. ನನ್ನ ಗಂಡ ಎಂದಿನಂತೆ ತಮ್ಮ ಚಪ್ಪಲಿ ನೋಡುತ್ತ ನಿಂತಿದ್ದರು. ಗುಂಡೇ ಹಾಕಿರಿ ಎಂದು ಕೂಗಬೇಕೆನ್ನಿಸಿತು. ಇನ್ನು ಮೂರು ತಿಂಗಳು ನನ್ನ ಕೈಲಾಗುತ್ತಿರಲಿಲ್ಲ. ಆದರೆ ಬಾಯಿ ಬಿಟ್ಟರೆ, ಅತ್ತೆಯ ಪೂಜೆ ತಪ್ಪಿಸಿದ ಸೊಸೆ ಎಂದು ಖಾನಾಪುರದ ತುಂಬ ಹೆಸರಾಗುತ್ತಿತ್ತು. ದಣಿವಿಗೆ ಕಣ್ಣು ತುಂಬಿ ಬಂದವು. ಬೆಡ್‌ಪ್ಯಾನ್ ತೊಳೆಯುವ ನೆಪದಲ್ಲಿ ಏಳಹೋದೆ. ಮೊಣಕಾಲು ಏಳಲೊಲ್ಲದೆ ಮಂಚದ ಸರಳಿಗೆ ಜೋತು ಬೀಳಬೇಕಾಯಿತು.

ಅತ್ತೆ ಅದನ್ನು ನೋಡಿದರು.

"ಉಳವ್ಯಾ, ಕಾಲು ನಂದೋ, ನಿಂದೋ?"

"ನಿಂದ, ಯವ್ವಾ."

"ಪೂಜಿ ಮಾಡುಮುಂದ ಲಿಂಗ ಎಲ್ಲಿ ಇರತೈತಿ? ನೆಲದ ಮ್ಯಾಲೋ, ಅಂಗೈಯಾಗೋ?"

ಅತ್ತೆ ತಮ್ಮ ಅಂಗೈ ಚಾಚಿ ತೋರಿಸಿದರು.

"ಅಂಗೈ ಮುರದಿಲ್ಲ. ಡಾಕ್ಟರ್ರ, ಗುಂಡ ಹಾಕ್ರಿ."

ಆಪರೇಷನ್ನಿಗೆ ಒಯ್ಯುವಾಗ ಕೊರಳ ಲಿಂಗವನ್ನು ಮೈಯಿಂದ ದೂರ ಇಡಲು ಮಾತ್ರ ಅತ್ತೆ ಒಪ್ಪಲಿಲ್ಲ. ಹಟಕ್ಕೆ ಸೋತ ನರ್ಸ್ ಅದನ್ನು ಅವರ ಮುಂಗೈಗೆ ಬ್ಯಾಂಡೇಜಿನಲ್ಲಿ ಸುತ್ತಿ ಕಳಿಸಿದಳು.

ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಗೆ ಅತ್ತೆ ಕೋಲೂರಿಕೊಂಡೇ ಬಂದರು. ಮರುದಿನ ಬೆಳಿಗ್ಗೆ ನನ್ನ ಗಂಡ ಪಡಸಾಲೆಯಲ್ಲಿ ಎತ್ತರದ ಖುರ್ಚಿ ಹಾಕಿದರು. ಅತ್ತೆ ಅದರಲ್ಲಿ ಕೂತು, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿದರು. ನಾನು ರೊಟ್ಟಿಯ ತಾಟು ಅವರ ಕೈಗಿತ್ತು, ರೂಢಿಯಂತೆ ಅವರ ಕಾಲ ಬಳಿ ನೆಲಕ್ಕೆ ಕೂತೆ. ಮೊಣಕಾಲು ಲಟಕ್ ಅಂದಿತು.

ಅತ್ತೆ ರೊಟ್ಟಿ ಮುರಿಯಲಿಲ್ಲ.

"ಮನ್ಯಾಗ ಇನ್ನೊಂದು ಖುರ್ಚಿ ಇಲ್ಲೇನ?"

"ಐತ್ರಿ ಅತ್ಯಾರ. ಯಾರರ ಬರ್ತಾರೇನ್ರಿ?"

"ಯಾರೂ ಬರಂಗಿಲ್ಲ. ನನಗ ಇನ್ನ ಕೆಳಗ ಬರಾಕ ಆಗೂದಿಲ್ಲ. ನೀನ ಮ್ಯಾಲ ಬಾ."

ಖುರ್ಚಿ ತಂದು ಅದರ ತುದಿಯಲ್ಲಿ ಕೂತೆ. ಅಷ್ಟು ದಿನ ತಡೆದಿದ್ದ ಅಳು ಆಗ ಬಂತು. ಅತ್ತೆ ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟರು.

"ಆಮ್ಯಾಲ ಅಳುವಂತಿ. ಮೊದಲ ತಿನ್ನ, ಆರತೈತಿ."