ಹತ್ತು ಗಂಟೆ ನಾಲ್ಕು ನಿಮಿಷ

ನನ್ನ ಕೆಲಸ ವೆಬ್‌ಸೈಟ್‌ಗಳಿಗೆ ಕೋಡ್ ಬರೆಯುವುದು. ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವುದರಲ್ಲಿ ನಾನು ಎತ್ತಿದ ಕೈ; ನನ್ನದರಲ್ಲಿ ಯಾರಾದರೂ ಹುಡುಕಿದರೆ ಮಾತ್ರ ಕೋಪ ಮೂಗಿನ ತುದಿಗೆ ಬರುತ್ತದೆ. ಹಾಗಾಗಿ ಫಿಸಿಯೋಥೆರಪಿ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಫೋನ್ ಮಾಡಿ, “ಮೇಡಂ, ಹತ್ತು ಗಂಟೆ ಮೇಲಿನವರೆಲ್ಲ ಒಂದೇ ಸಲ ಬಂದ್ಬಿಡ್ತಾರೆ. ಬೆನ್ನುನೋವಿನವರೊಬ್ಬರು ಕುರ್ಚಿ ಸಿಗದೆ ನಿಂತೇ ಇದ್ರು,” ಎಂದಾಗ, “ಜನ ಬೇಗ ಬಂದ್ರೆ ನಾನೇನ್ ಮಾಡ್ಲಿ?” ಎಂದು ಫೋನ್ ಇಟ್ಟುಬಿಟ್ಟೆ. ಅವರ ಅಪಾಯಿಂಟ್‌ಮೆಂಟ್ ಮೆಸೇಜ್ ಕಳಿಸುವ ಕೋಡ್ ಬರೆದವಳು ನಾನೇ.

ಅದೇ ಕ್ಲಿನಿಕ್ಕಿಗೆ, ಭುಜ ಹಿಡಿದುಕೊಂಡಿದೆಯೆಂದು, ನನ್ನಪ್ಪನೂ ವಾರಕ್ಕೆರಡು ದಿನ ಹೋಗುತ್ತಿದ್ದ. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಟೈಲರ್ ಅವನು. ಅಮ್ಮ ಹೋದ ಮೇಲೆ ಎರಡು ವರ್ಷ ಅವನ ಬಾಯಿಂದ ‘ಹೂಂ’, ‘ಸಾಕು’ ಬಿಟ್ಟರೆ ಮಾತು ಹೊರಟಿದ್ದೇ ಕಡಿಮೆ. ಅಂಥವನು ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಊಟದ ಹೊತ್ತಿಗೆ ಲೈಬ್ರರಿ ಮೇಡಂ ಸುದ್ದಿ ಹೇಳತೊಡಗಿದ. ಮಂಡಿನೋವಿನ ನಿವೃತ್ತ ಗ್ರಂಥಪಾಲಕಿ. ಕ್ಲಿನಿಕ್ಕಿನಲ್ಲಿ ಅಪ್ಪನ ಪಕ್ಕದ ಕುರ್ಚಿ. ಓದುಗರು ಪುಸ್ತಕದೊಳಗೆ ಮರೆತುಹೋದ ಬಸ್ ಟಿಕೆಟ್, ಬಾಚಣಿಗೆ, ಒಂದು ಸಲ ಯಾರದೋ ಕಟ್ಟುಹಲ್ಲನ್ನೂ ಆಕೆ ಜೋಪಾನ ಮಾಡಿದ್ದರಂತೆ. ಹೇಳುತ್ತ ಹೇಳುತ್ತ ಅಪ್ಪ ನಗುತ್ತಿದ್ದ. ನಾನು ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದೆ.

ಮೇ ತಿಂಗಳ ಮೊದಲ ಸೋಮವಾರ ಕನ್ನಡಕ ಸಿಗದೆ ಅಪ್ಪ ಫೋನನ್ನು ನನ್ನ ಕೈಗಿತ್ತ. “ನಾಳೆ ಎಷ್ಟೊತ್ತಿಗೆ ನೋಡು.”

10:05 ಎಂದಿತ್ತು. ಅದರ ಮೇಲಿನ ಹಳೆಯ ಮೆಸೇಜ್‌ಗಳೆಲ್ಲ 10:04. ಏಪ್ರಿಲ್ ನಾಲ್ಕನೆಯ ತಿಂಗಳು, ಮೇ ಐದನೆಯದು. ಕೋಡಿನಲ್ಲಿ ಗಂಟೆಯ ಪಕ್ಕದಲ್ಲಿ ನಿಮಿಷವನ್ನು ತೋರಿಸುವ ಗುರುತು ಹಾಕಬೇಕಿತ್ತು. ನಾನು ತಿಂಗಳನ್ನು ತೋರಿಸುವ ಗುರುತು ಹಾಕಿದ್ದೆ. ಹೊಸದಾಗಿ ಕಲಿಯುವವರು ಮಾಡುವ ತಪ್ಪು. ಪರೀಕ್ಷಿಸುವಾಗ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ತಪ್ಪು ಸಮಯವೂ ನೋಡಲು ಸಮಯದ ಹಾಗೆಯೇ ಇರುತ್ತದೆ.

ಕ್ಲಿನಿಕ್ಕಿನ ಪಟ್ಟಿ ತೆರೆದೆ. ಲೈಬ್ರರಿ ಮೇಡಂಗೆ ಹತ್ತೂವರೆ, ಅಪ್ಪನಿಗೆ ಹತ್ತೂ ಮುಕ್ಕಾಲು. ನನ್ನ ತಪ್ಪಿನಿಂದಾಗಿಯೇ ಇಬ್ಬರೂ ಅರ್ಧ ಗಂಟೆ ಜೊತೆಗೆ ಕೂರುತ್ತಿದ್ದರು. ತಿದ್ದಿದರೆ ಅಪ್ಪ ಒಳಗೆ ಬರುವಷ್ಟರಲ್ಲಿ ಆಕೆ ಹೊರಟಿರುತ್ತಾರೆ.

ಅರ್ಧ ನಿಮಿಷದ ಕೆಲಸ. ಎರಡು ದಿನ ಮುಟ್ಟಲಿಲ್ಲ. ಹೆದರಿದ್ದೆ, ಅಷ್ಟೇ. ಅಪ್ಪ ಮತ್ತೆ ಮೂಕನಾದರೆ? ಮೂರನೆಯ ದಿನ, ನಿಂತೇ ಇದ್ದ ಬೆನ್ನುನೋವಿನವರು ನೆನಪಾಗಿ ನಾಚಿಕೆಯಾಯಿತು. ತಿದ್ದಿದೆ. ರಿಸೆಪ್ಷನಿಸ್ಟ್ ಹತ್ತಿರ ಕ್ಷಮೆ ಕೇಳಿದೆ. ಅಪ್ಪನಿಗೂ ಹೇಳಿದೆ.

“ಅಪ್ಪ, ನಿನಗೆ ಬರ್ತಿದ್ದ ಟೈಮ್ ತಪ್ಪು. ನಾನೇ ಮಾಡಿದ್ದು.”

“ಹೂಂ,” ಎಂದ ಅಪ್ಪ. ಅದನ್ನು ಕೇಳಿ ನನಗೆ ಅಳುವೇ ಬಂತು.

ಶುಕ್ರವಾರ ಒಂಬತ್ತೂವರೆಗೇ ಇಸ್ತ್ರಿ ಶರ್ಟ್ ತೊಟ್ಟು ನಿಂತಿದ್ದ.

“ಹತ್ತೂ ಮುಕ್ಕಾಲಿಗೆ ಅಪ್ಪಾ.”

“ಓದೋಕೆ ಬರುತ್ತೆ ನನಗೆ.”

ಮನಸ್ಸು ತಡೆಯದೆ ನಾನೂ ಜೊತೆಗೆ ಹೋದೆ. ಕುರ್ಚಿಗಳೆಲ್ಲ ಖಾಲಿ. ಅಪ್ಪ ಒಂದರಲ್ಲಿ ಕೂತು ಪಕ್ಕದ್ದರ ಮೇಲೆ ಕೈಚೀಲ ಇಟ್ಟ. ಹತ್ತು ಗಂಟೆ ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಬಾಗಿಲ ಕಡೆ ನೋಡಬಾರದೆಂದು ಅಪ್ಪ ಗೋಡೆಯ ಮೇಲಿನ ಬೆನ್ನೆಲುಬಿನ ಚಿತ್ರವನ್ನೇ ನೋಡುತ್ತಿದ್ದ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಹತ್ತೂ ಕಾಲಿಗೆ ಕೋಲೂರಿಕೊಂಡು, ಏದುಸಿರು ಬಿಡುತ್ತ ಒಬ್ಬಾಕೆ ಬಂದರು. ಅಪ್ಪ ಚೀಲ ಎತ್ತಿಕೊಂಡ.

“ಹತ್ತಕ್ಕೇ ಬರೋಣ ಅಂದ್ರೆ ಮೊದಲನೇ ಬಸ್ ತಪ್ಪೋಯ್ತು ನೋಡಿ,” ಎಂದು ಕೂತ ಲೈಬ್ರರಿ ಮೇಡಂ ನನ್ನತ್ತ ತಿರುಗಿದರು. “ಮಗಳು ನೀನೇನಮ್ಮಾ? ಮೊದಲನೇ ದಿನ ಹತ್ತೂ ಕಾಲಾದ್ರೂ ಕರೀಲಿಲ್ಲ ಅಂತ ನಾನು ಜಗಳಕ್ಕೆ ಎದ್ದಿದ್ದೆ. ನಿಮ್ಮಪ್ಪ ಬಿಡ್ಲಿಲ್ಲ. ‘ಮೆಸೇಜ್ ನನ್ನ ಮಗಳು ಮಾಡಿದ್ದು, ಅದರಲ್ಲಿ ತಪ್ಪಿರಲ್ಲ. ಒಳಗಿನವರಿಗೇ ತಡ ಆಗಿರುತ್ತೆ, ಕೂತ್ಕೊಳ್ಳಿ’ ಅಂದ್ರು. ಕೂತೆ.”

ನನಗೆ ತಲೆ ಎತ್ತಲಾಗಲಿಲ್ಲ. “ತಪ್ಪೇ ಇತ್ತಲ್ಲ ಅಪ್ಪ,” ಎಂದೆ.

ಅಪ್ಪ ಆಕೆಯ ಕೋಲನ್ನು ಜಾರದಂತೆ ಗೋಡೆಗೆ ಒರಗಿಸಿಟ್ಟ.

“ನೀನು ಹಾಗಂತೀಯ,” ಎಂದ. “ನಾನಿನ್ನೂ ಒಪ್ಪಿಲ್ಲ.”